ಡಕಾಯಿತನಿಗೆ ಶಿಳ್ಳೆ, ನಮ್ಮ ಟ್ರಂಕಿಗೆ ತಪಾಸಣೆ



‘ಶಂಶೇರಾ’ ಅನ್ನೋ ಹಿಂದಿ ಸಿನಿಮಾ 2022ರ ಜುಲೈನಲ್ಲಿ ಬಂತು. ಥಿಯೇಟರುಗಳಲ್ಲಿ ನೆಲಕಚ್ಚಿತು. ಆದರೆ ಹಾಸ್ಟೆಲಿನಲ್ಲಿ ಒಂದು ಮೊಬೈಲಿನ ಸುತ್ತ ಆರು ತಲೆ ಸೇರಿಸಿಕೊಂಡು ಅದನ್ನ ನೋಡೋ ಹುಡುಗರನ್ನು ಕಂಡಿದ್ದೇನೆ. ನಾನೂ ನೋಡಿದೆ, ಶಿಳ್ಳೆಯೂ ಹೊಡೆದೆ. ಸುಳ್ಳು ಯಾಕೆ ಹೇಳಲಿ? ಕುದುರೆ, ಧೂಳು, ಕೊಡಲಿ, ಕಾಗೆಗಳ ಹಿಂಡು, ಸಾಹುಕಾರರನ್ನು ದೋಚಿ ಮಾಯವಾಗೋ ಡಕಾಯಿತರು. ಮಜಾ ಇದೆ. ಹಾಡು ಕುಣಿತ ಜಾಸ್ತಿಯಾಯ್ತು, ಅದು ಬಿಡಿ.

ಕತೆ ಹೀಗೆ. ಖಮೇರನ್ ಅಂತ ಒಂದು ಬುಡಕಟ್ಟು. ಇದು ಕಲ್ಪನೆಯ ಹೆಸರು. ರಾಜರ ಪರವಾಗಿ ಯುದ್ಧ ಮಾಡಿದವರು. ಯುದ್ಧ ಮುಗಿದ ಮೇಲೆ ಮೇಲ್ಜಾತಿಯವರು ಇವರನ್ನು ಕೀಳು ಅಂತ ಊರಾಚೆ ತಳ್ಳುತ್ತಾರೆ. ಹೊಟ್ಟೆಗಿಲ್ಲದೆ ಡಕಾಯಿತಿಗೆ ಇಳಿಯುತ್ತಾರೆ. ಶುದ್ಧ್ ಸಿಂಗ್ ಎಂಬ ದರೋಗ (ಹೆಸರಲ್ಲೇ ಮಡಿ ನೋಡಿ!) ಅವರಿಗೆ ಒಪ್ಪಂದದ ಆಸೆ ತೋರಿಸಿ, ಮೋಸ ಮಾಡಿ, ಇಡೀ ಕುಲವನ್ನು ಕೋಟೆಯೊಳಗೆ ಕೂಡಿಹಾಕುತ್ತಾನೆ. ನಾಯಕ ಶಂಶೇರಾ, ಓಡಿಹೋದ ದ್ರೋಹಿ ಅನ್ನೋ ಹೆಸರು ಹೊತ್ತು, ತನ್ನವರ ಕಲ್ಲೇಟಿಗೇ ಸಾಯುತ್ತಾನೆ. ಅವನ ಮಗ ಬಲ್ಲಿ ಬೆಳೆದು ಸೇಡು ತೀರಿಸಿಕೊಳ್ತಾನೆ. ಅಪ್ಪ ಮಗ ಎರಡೂ ರಣಬೀರ್ ಕಪೂರ್, ದರೋಗ ಸಂಜಯ್ ದತ್.

ಇದರಲ್ಲಿ ನನ್ನ ಎದೆಗೆ ತಾಗಿದ್ದು ಡಕಾಯಿತಿ ಅಲ್ಲ. ಬಲ್ಲಿಗೆ ಮೊದಲು ಅಫ್ಸರ್ ಆಗೋ ಆಸೆ. ತನ್ನವರನ್ನು ಕೂಡಿಹಾಕಿದ ಆ ದರೋಗನನ್ನೇ ದೇವರು ಅಂತ ನಂಬಿರ್ತಾನೆ. ನೀನು ಯಾವ ಕುಲದೋನು ಅಂತ ನೆನಪಿಸೋಕೆ ಅವನಿಗೆ ಚಾಟಿ ಏಟು ಬೀಳುತ್ತೆ. ಬೆಳಗಿನ ಐದಕ್ಕೆ ಎದ್ದು ಪಿಎಸ್‌ಐ ಪರೀಕ್ಷೆಗೆ ಅಂತ ಮೈದಾನ ಸುತ್ತೋ ನಮ್ಮ ಹಾಸ್ಟೆಲ್ ಹುಡುಗರು ಆ ಹತ್ತು ನಿಮಿಷ ಉಸಿರು ಬಿಗಿಹಿಡಿದು ನೋಡಿದ್ದು ಸುಮ್ಮನೆ ಅಲ್ಲ.

ಆದರೆ ಸಿನಿಮಾ ಅಲ್ಲಿಂದಾಚೆ ಜಾರಿಕೊಂಡಿತು. ಎಲ್ಲಾ ತಪ್ಪನ್ನೂ ಒಬ್ಬ ಕೆಟ್ಟ ದರೋಗನ ತಲೆಗೆ ಕಟ್ಟಿತು. ಅವನು ಮೋಸ ಮಾಡಿದ, ಅದಕ್ಕೇ ಗುಲಾಮರಾದರು. ಅವನು ಸತ್ತ, ಬಿಡುಗಡೆ ಆಯಿತು. ನಿಜವಾಗಿ ನಡೆದದ್ದು ಇದಕ್ಕಿಂತ ಭಯಂಕರ. ಅಲ್ಲಿ ಮೋಸದ ಅಗತ್ಯವೇ ಇರಲಿಲ್ಲ. ಎಲ್ಲಾ ಹಗಲಲ್ಲೇ, ಸಹಿ ಹಾಕಿ, ಮೊಹರು ಒತ್ತಿ ಮಾಡಿದರು.

1871. ಸಿನಿಮಾದ ಕತೆ ಶುರುವಾಗೋ ವರ್ಷವೇ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದರು. ಸರ್ಕಾರ ಒಂದು ಸಮುದಾಯವನ್ನು ಅಪರಾಧಿ ಅಂತ ಪ್ರಕಟಿಸಿದರೆ ಮುಗೀತು, ಯಾವ ಕೋರ್ಟೂ ಅದನ್ನು ಪ್ರಶ್ನೆ ಮಾಡೋ ಹಾಗಿಲ್ಲ. ರಿಜಿಸ್ಟರಿನಲ್ಲಿ ಹೆಸರು, ಹಾಜರಿ, ಊರು ಬಿಡೋಕೆ ಪಾಸು. ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡೋ ಅಧಿಕಾರ ಆಮೇಲೆ ಸೇರಿಕೊಂಡಿತು. ಕಣ್ಣಿಟ್ಟು ವರದಿ ಕೊಡೋ ಕೆಲಸ ಯಾರದ್ದು? ಊರಿನ ಮುಖಂಡರದ್ದು, ಜಮೀನುದಾರರದ್ದು. ಬಿಳಿಯ ದೊರೆ ಕಾಯಿದೆ ಬರೆದ, ನಮ್ಮ ದೊರೆಗಳು ಕಾವಲು ಕಾಯ್ದರು. 1911ರಲ್ಲಿ ಅದನ್ನು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿಸಿದರು.

ನಮ್ಮ ಕಡೆ ಕೊರಮ, ಕೊರಚ, ಲಂಬಾಣಿಗಳು ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ಸುತ್ತಿ ಬದುಕಿದವರು. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಂತು, ಹೇರು ನಿಂತಿತು. ದಾರಿಯ ಮೇಲಿದ್ದೋರೆಲ್ಲ ದಾರಿಗಳ್ಳರಾದರು, ಸರ್ಕಾರದ ಲೆಕ್ಕದಲ್ಲಿ. ಹುಬ್ಬಳ್ಳಿಯಲ್ಲಿ ಮುಳ್ಳುತಂತಿ ಹಾಕಿ ಇಂಥ ಜನರನ್ನು ಕೂಡಿಟ್ಟು ಮಿಲ್ಲಿನ ದುಡಿಮೆಗೆ ಹಚ್ಚಿದ್ದ ಜಾಗಕ್ಕೆ ಈಗಲೂ ಸೆಟ್ಲ್‌ಮೆಂಟ್ ಅಂತಲೇ ಹೆಸರು. ಅದೇ ಆ ಕೋಟೆ. ಅದಕ್ಕೆ ನೀರಿನ ಸುರಂಗವೂ ಇರಲಿಲ್ಲ, ಕಾಗೆಗಳೂ ಬರಲಿಲ್ಲ.

ಸಿನಿಮಾದ ಖಮೇರನ್ ಹೆಸರು ಎಷ್ಟು ಚಂದ! ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿ ತೆಗೆದು ನೋಡಿ. ಅದರಲ್ಲಿ ಗಂಟಿಚೋರ್ ಅಂತ ಒಂದು ಹೆಸರಿದೆ. ಗಂಟು ಕದಿಯೋನು! ಒಬ್ಬ ಹುಡುಗ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಬೇಕಾದರೆ ತಾನು ಕಳ್ಳ ಅಂತ ತಹಶೀಲ್ದಾರರಿಂದ ಸರ್ಟಿಫಿಕೇಟ್ ತರಬೇಕು.

2017ರಲ್ಲಿ ತಮಿಳಿನ ‘ತೀರನ್’ ಬಂದಿತ್ತಲ್ಲ, ಹೆದ್ದಾರಿ ದರೋಡೆಕೋರರನ್ನು ಪೊಲೀಸು ಬೆನ್ನಟ್ಟೋದು. ಅದನ್ನೂ ಇದೇ ಹುಡುಗರು ನೋಡಿದರು. ಅಲ್ಲಿ ಪೊಲೀಸು ಹೀರೋ, ಇಲ್ಲಿ ಡಕಾಯಿತ ಹೀರೋ. ಎರಡರಲ್ಲೂ ದರೋಡೆ ಒಂದು ಕುಲದ ಗುರುತು. ಹೊಗಳಿದರೂ ತೆಗಳಿದರೂ ಹಣೆಗೆ ಅಂಟಿಸೋ ಚೀಟಿ ಒಂದೇ.

ನಾನು ಪಿಯುಸಿ ಓದ್ತಿದ್ದಾಗ ನಮ್ಮ ಹಾಸ್ಟೆಲಿನಲ್ಲಿ ಒಂದು ವಾಚು ಕಳೆಯಿತು. ವಾರ್ಡನ್ ಯಾರನ್ನೂ ಕೇಳದೆ ಸೀದಾ ಒಬ್ಬ ಕೊರಚರ ಹುಡುಗನ ಟ್ರಂಕು ತೆಗೆಸಿದರು. ಎರಡು ಅಂಗಿ, ಒಂದು ಅಟ್ಲಾಸು, ಅವ್ವ ಕಟ್ಟಿಕೊಟ್ಟ ಚಟ್ನಿಪುಡಿ. ವಾಚು ಆಮೇಲೆ ಸ್ನಾನದ ಮನೆಯ ಗೂಡಿನಲ್ಲಿ ಸಿಕ್ಕಿತು. ಯಾರೂ ಕ್ಷಮೆ ಕೇಳಲಿಲ್ಲ. ಸುತ್ತ ನಿಂತು ನೋಡಿದ ನಾವು ದಲಿತ ಹುಡುಗರು. ನಾವೂ ಬಾಯಿ ಬಿಡಲಿಲ್ಲ, ಅದನ್ನು ಬರೆಯದೆ ಹೋದರೆ ಈ ಲೇಖನ ಸುಳ್ಳಾಗುತ್ತೆ. ಶಂಶೇರಾನಿಗೆ ಕಲ್ಲು ಹೊಡೆದೋರು ಅವನವರೇ ಅಲ್ಲವಾ? ಈಗ ಒಳಮೀಸಲಾತಿ ಜಗಳದಲ್ಲಿ ಸ್ಪೃಶ್ಯರು, ಅಸ್ಪೃಶ್ಯರು ಅಂತ ಒಂದೇ ಊಟದ ಮನೆಯಲ್ಲಿ ಬೇರೆ ಬೇರೆ ಸಾಲು ಮಾಡ್ಕೊಂಡು ಕೂತಿರೋ ಹುಡುಗರಿಗೆ ಆ ದೃಶ್ಯ ಇನ್ನೊಮ್ಮೆ ತೋರಿಸಬೇಕು. ಪಾಲಿನ ಲೆಕ್ಕ ಕೇಳಿ, ನ್ಯಾಯ ಕೇಳಿ. ಟ್ರಂಕು ತೆಗೆಸೋ ಹೊತ್ತಿಗೆ ಮಾತ್ರ ಒಟ್ಟಿಗೆ ನಿಲ್ಲಿ.

ಆ ಕಾಯಿದೆ 1952ರ ಆಗಸ್ಟ್ 31ಕ್ಕೆ ರದ್ದಾಯಿತು. ರದ್ದಾದದ್ದು ಹೆಸರು. ರೂಢಿಗತ ಅಪರಾಧಿಗಳು ಅಂತ ಹೊಸ ಹೆಸರಿನ ಕಾಯಿದೆಗಳನ್ನು ರಾಜ್ಯಗಳು ಮಾಡಿಕೊಂಡವು, ನಮ್ಮದೂ 1961ರಲ್ಲಿ ಮಾಡಿಕೊಂಡಿತು. ಜೈಲಿನ ಕೈಪಿಡಿಗಳಲ್ಲಿ ಈ ಜನರನ್ನು ಹುಟ್ಟಿನಿಂದಲೇ ಬೇರೆ ಮಾಡೋ ನಿಯಮಗಳನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ. ಎಪ್ಪತ್ತೆರಡು ವರ್ಷ!

ಆಗಸ್ಟ್ 31ನ್ನು ಆ ಸಮುದಾಯಗಳು ವಿಮುಕ್ತಿ ದಿನ ಅಂತ ಮಾಡ್ತವೆ. ಹಾಸ್ಟೆಲಿನ ಸಂಗಾತಿಗಳೇ, ಆ ರಾತ್ರಿ ಊಟದ ಹಾಲಿನಲ್ಲಿ ಇದೇ ಸಿನಿಮಾ ಹಾಕಿ. ಶಿಳ್ಳೆ ಹೊಡೀರಿ, ಬೇಡ ಅನ್ನೋಲ್ಲ. ಮಧ್ಯದಲ್ಲಿ ನಿಲ್ಲಿಸಿ 1871ರ ಕಾಯಿದೆಯ ನಾಲ್ಕು ಕಲಮು ಜೋರಾಗಿ ಓದಿ. ನಿಮ್ಮಲ್ಲಿ ಕೊರಮ, ಕೊರಚ, ಗಂಟಿಚೋರ್ ಹುಡುಗರಿದ್ದರೆ ಅವರ ತಾತ ಯಾವ ಠಾಣೆಗೆ ಹಾಜರಿ ಹಾಕ್ತಿದ್ದರು ಅಂತ ಮನೆಯಲ್ಲಿ ಕೇಳಿಕೊಂಡು ಬರಲಿ. ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ.