ಕಿಟಕಿಯ ಗಾಜು ಗಾಡಿಗಲ್ಲ

ಕಳೆದ ಮಳೆಗಾಲದಲ್ಲಿ ನನ್ನ ಸೋದರಳಿಯ ತನ್ನ ಹಳೆಯ ಮಹೀಂದ್ರ ಪಿಕಪ್ಪನ್ನು ಕೋಣನಕುಂಟೆಯ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದ. ಜೀಪಿನ ಮೂತಿಯ ಆ ಗಾಡಿಯ ಮೇಲೆ ಅವನಿಗೆ ಎಲ್ಲಿಲ್ಲದ ಅಭಿಮಾನ. "ಮಾವ, ಮುಂದಿನ ಗಾಜು ಹೊಸದು ಹಾಕಿಸಿದೆ. ಅರ್ಧ ಗಂಟೆಯ ಕೆಲಸ, ಖರ್ಚೂ ಕಡಿಮೆ" ಎಂದ. ನಾನು ಕನ್ನಡಕ ಏರಿಸಿ ಗಾಜಿನ ನಾಲ್ಕೂ ಮೂಲೆಗಳನ್ನು ನೋಡಿದೆ. ಒಂದು ಗುರುತಿಲ್ಲ, ಒಂದು ಅಕ್ಷರವಿಲ್ಲ. ವಿಚಾರಿಸಿದರೆ, ಮನೆಯ ಕಿಟಕಿಗಳಿಗೆ ಗಾಜು ಕತ್ತರಿಸುವ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ್ದಂತೆ!

ಹಳೆಯ ಜೀಪುಗಳ ಮುಂಗಾಜು ಬಾಗಿಲ್ಲದೆ ಚಪ್ಪಟೆಯಾಗಿರುವುದೇ ಈ ಅನರ್ಥಕ್ಕೆ ಮೂಲ. ಚಪ್ಪಟೆಯಾದದ್ದನ್ನು ಯಾರು ಬೇಕಾದರೂ ಕತ್ತರಿಸಬಹುದು. ಆದರೆ ಸಾದಾ ಗಾಜು ಒಡೆದಾಗ ಚೂರಿಗಳಾಗುತ್ತದೆ. ಒಳಗೆ ಕುಳಿತವರ ಕತ್ತು, ಕಣ್ಣು ಅದರ ದಾರಿಯಲ್ಲಿರುತ್ತವೆ. ಎರಡು ಗಾಜುಗಳ ನಡುವೆ ಪಾರದರ್ಶಕ ಪೊರೆಯಿಟ್ಟು ಬೆಸೆದ ಪದರುಗಾಜು ಬಿರುಕು ಬಿಟ್ಟರೂ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ ಇದಕ್ಕೆ ಪೇಟೆಂಟ್ ಪಡೆದದ್ದು 1909ರಲ್ಲಿ. ಶತಮಾನ ಕಳೆದರೂ ನಮಗೆ ಬುದ್ಧಿ ಬಂದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮವು ವಾಹನಗಳಿಗೆ ಸುರಕ್ಷಾ ಗಾಜನ್ನೇ ವಿಧಿಸುತ್ತದೆ. ಅದರ ಮಾನದಂಡ ಐ.ಎಸ್. 2553, ಭಾಗ 2. ಮೂಲೆಯಲ್ಲಿ ನಾನು ಹುಡುಕಿದ್ದು ಆ ಮುದ್ರೆಯನ್ನೇ.

"ಹಳೇ ಗಾಡಿ, ಇಷ್ಟು ಸಾಕು" ಎಂಬ ವಾದವನ್ನು ನಾನು ಒಪ್ಪಲಾರೆ. ಸೀಟು ಬೆಲ್ಟು, ಗಾಳಿಚೀಲ ಯಾವುದೂ ಇಲ್ಲದ ಗಾಡಿಯಲ್ಲಿ ಉಳಿದ ಒಂದು ರಕ್ಷಣೆಯನ್ನೂ ತೆಗೆದುಹಾಕುವುದು ಯಾವ ಲೆಕ್ಕದ ಉಳಿತಾಯ? ಹಿಂದಿನ ಭಾನುವಾರವಷ್ಟೇ ಅವನ ಆರು ವರ್ಷದ ಮಗಳು ಆ ಗಾಜಿಗೆ ಮೂಗು ತಾಗಿಸಿಕೊಂಡು ಕನಕಪುರ ರಸ್ತೆಯುದ್ದಕ್ಕೂ ಬಂದಿದ್ದಳು.

ಇನ್ನು ರಬ್ಬರಿನ ವಿಷಯ. ಬೀಡಿಂಗ್ ಬದಲಿಸದೆ, ಬಿರುಕುಬಿಟ್ಟ ಹಳೆಯದರ ಸುತ್ತ ಸಿಲಿಕೋನ್ ಬಳಿದಿದ್ದರು. ಇದು ಇಂದಿನ ಸರ್ವರೋಗ ನಿವಾರಿಣಿ! ವಿನೆಗರ್ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಬಣ್ಣ ಹೋದ ತಗಡಿಗೆ ಅದರಿಂದ ತುಕ್ಕು. ನೀರು ಸೋರುತ್ತದೆ, ಮತ್ತೊಂದು ಟ್ಯೂಬು ಬಳಿಯುತ್ತಾರೆ, ತುಕ್ಕು ಒಳಗೊಳಗೇ ಚೌಕಟ್ಟನ್ನು ತಿನ್ನುತ್ತದೆ. ಹೊರಗೆ ಮಾತ್ರ ಮಿರಿಮಿರಿ ಪಾಲಿಶು. ಹಳೆಯ ಗಾಡಿಗಳ ಅಭಿಮಾನಿಗಳೆನ್ನಿಸಿಕೊಂಡವರಲ್ಲೂ ಈ ಸೋಗನ್ನು ನೋಡಿದ್ದೇನೆ.

ಸರಿಯಾದ ಕ್ರಮವೇನೂ ಬ್ರಹ್ಮವಿದ್ಯೆಯಲ್ಲ. ನಾವೇ ಜೆ.ಸಿ. ರಸ್ತೆಯಲ್ಲಿ ಅಲೆದು ಬೀಡಿಂಗ್ ತಂದೆವು, ಮುದ್ರೆಯುಳ್ಳ ಪದರುಗಾಜು ಹಾಕಿಸಿದೆವು. ಚೌಕಟ್ಟಿನ ಅಂಚನ್ನು ಉಜ್ಜಿ, ತುಕ್ಕು ತೆಗೆದು, ಪ್ರೈಮರ್, ಬಣ್ಣ ಹಚ್ಚಿ ಒಣಗಲು ಎರಡು ದಿನ ಬಿಟ್ಟೆವು. (ಅಳಿಯನಿಗೆ ಈ ಎರಡು ದಿನಗಳೇ ದೊಡ್ಡ ಶಿಕ್ಷೆ.) ಬೀಡಿಂಗನ್ನು ಎಳೆದು ಅಳೆಯಬಾರದು, ತುಸು ಉದ್ದವಾಗಿಯೇ ಕತ್ತರಿಸಬೇಕು, ಎಳೆದು ಕೂರಿಸಿದ ರಬ್ಬರು ಕ್ರಮೇಣ ಕುಗ್ಗಿ ಕೂಡುಜಾಗದಲ್ಲಿ ಬಾಯಿಬಿಡುತ್ತದೆ. ಮೊದಲು ಅದನ್ನು ಗಾಜಿನ ಸುತ್ತ ತೊಡಿಸಿ, ಹೊರಗಿನ ಸೀಳಿನಲ್ಲಿ ನೈಲಾನ್ ದಾರವನ್ನು ಸುತ್ತಲೂ ಕೂರಿಸಿ, ಎರಡು ತುದಿಗಳನ್ನೂ ಗಾಡಿಯೊಳಗೆ ಬಿಡಬೇಕು. ಸೋಪಿನ ನೀರು ಸವರಬೇಕು. ಗ್ರೀಸ್, ಎಣ್ಣೆ ಕೂಡದು, ರಬ್ಬರು ಉಬ್ಬಿ ಕೆಡುತ್ತದೆ. ಒಬ್ಬರು ಹೊರಗಿನಿಂದ ಅಂಗೈಯಿಂದ ಒತ್ತುತ್ತಿದ್ದರೆ, ಒಳಗಿದ್ದವರು ದಾರವನ್ನು ನಿಧಾನವಾಗಿ ಎಳೆಯುತ್ತ ಹೋಗುತ್ತಾರೆ. ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಕ್ಕೆ ಮಗುಚಿಕೊಳ್ಳುತ್ತದೆ. ಗುದ್ದಿದರೆ ಗಾಜು ಹೋಯಿತು. ನಮ್ಮದು ಮೂರನೆಯ ಪ್ರಯತ್ನಕ್ಕೆ ಕುಳಿತಿತು.

ಹಣ ಪಡೆದು ಈ ಕೆಲಸ ಮಾಡುವವರಿಗೆ ಅದು ತಿಳಿಯದೆಂದು ನಾನು ನಂಬುವುದಿಲ್ಲ. ಗಿರಾಕಿ ಕೇಳುವುದಿಲ್ಲ, ಅವರು ಮಾಡುವುದಿಲ್ಲ. ನನ್ನ ಶಿಷ್ಯರಲ್ಲಿ ಗ್ಯಾರೇಜು ನಡೆಸುವವರಿದ್ದೀರಿ. ಕೋಪ ಬಂದರೆ ಬರಲಿ, ಬರೆದು ತಿಳಿಸಿ.

ಕಿತ್ತ ಗಾಜನ್ನು ಎಸೆಯಲಿಲ್ಲ. ಹಿತ್ತಲಿನ ಬಚ್ಚಲುಮನೆಯ ಕಿಟಕಿಗೆ ಕತ್ತರಿಸಿ ಹಾಕಿಸಿದ್ದೇನೆ.