ಎಳೆಯೋಕೆ ಎತ್ತಿದೆ, ನಿಲ್ಲಿಸೋಕೆ ಏನಿದೆ?

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಗೆಳೆಯರ ಗುಂಪಿಗೆ ಈಗ ಟ್ರಾವೆಲ್ ಟ್ರೈಲರ್ ಹುಚ್ಚು. ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇರುವ ಪುಟ್ಟ ಮನೆಯನ್ನೇ ಎಸ್‌ಯುವಿ ಹಿಂದೆ ಕಟ್ಟಿಕೊಂಡು ಯೊಸೆಮಿಟಿ ಕಡೆಗೋ ಸಮುದ್ರದ ಕಡೆಗೋ ಹೊರಡೋದು. ಕೊಳ್ಳುವ ಮೊದಲು ಎಲ್ಲರದ್ದೂ ಒಂದೇ ಪ್ರಶ್ನೆ: "ನನ್ನ ಗಾಡಿ ಎಷ್ಟು ಎಳೆಯುತ್ತೆ?" ಹಾರ್ಸ್‌ಪವರ್ ಎಷ್ಟು, ಟಾರ್ಕ್ ಎಷ್ಟು ಅಂತ ಎಕ್ಸೆಲ್ ಶೀಟ್ ಮಾಡಿ ತಲೆ ತಿಂತಾರೆ. ಬ್ರೇಕ್ ಕಂಟ್ರೋಲರ್ ಯಾವುದು ಹಾಕಿಸಿದೆ ಅಂತ ಕೇಳಿ ನೋಡಿ. "ಅದ್ಯಾವುದೋ ಒಂದು ಗುರು, ಕಮ್ಮಿ ರೇಟಿಗೆ ಸಿಕ್ತು, ರೇಟಿಂಗೂ ಚೆನ್ನಾಗಿತ್ತು."

ನನಗೆ ಸಿಟ್ಟು ಬರೋದು ಇಲ್ಲೇ. ಯಾಕಂದ್ರೆ ಮೊದಲ ಸಲ ನಾನೂ ಅದನ್ನೇ ಮಾಡಿದ್ದೆ.

ನಾನು ಬೆಳೆದದ್ದು ಮಂಡ್ಯ ಕಡೆಯ ಹಳ್ಳಿಯಲ್ಲಿ. ಹೇರು ತುಂಬಿದ ಗಾಡಿ ಕೆರೆ ಏರಿಯಿಂದ ಇಳಿಯುವಾಗ ತಾತ ಕೆಳಗಿಳಿದು, ಎತ್ತುಗಳ ಮುಂದೆ ನಿಂತು, ಮೂಗುದಾರ ಹಿಡಿದು ಹೆಜ್ಜೆ ಹೆಜ್ಜೆಗೂ ತಡೆದು ಇಳಿಸುತ್ತಿದ್ದ. ಹಿಂದಿನ ಭಾರ ನುಗ್ಗಿದರೆ ನೊಗ ಎತ್ತುಗಳನ್ನೇ ಮುಂದಕ್ಕೆ ದೂಡಿಬಿಡುತ್ತೆ. "ಎಳೆಯಾಕೆ ಎತ್ತವೆ, ನಿಲ್ಸಾಕೆ ನಾವಿರ್ಬೇಕು ಕಣ್ಲಾ" ಅಂತಿದ್ದ.

ಬಿಇ ಮುಗಿಸಿ ಸಮುದ್ರ ದಾಟಿ ಬಂದ ನನಗೆ ಆ ಮಾತು ನೆನಪಾಗಿದ್ದು ಟೆಹೋನ್ ಪಾಸ್‌ನಲ್ಲಿ. ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಹೊರಟ ಇಂಟರ್‌ಸ್ಟೇಟ್ 5 ಹೆದ್ದಾರಿ ಅಲ್ಲಿ ಸುಮಾರು 1,260 ಮೀಟರ್ ಎತ್ತರಕ್ಕೆ ಹತ್ತಿ, ಆಮೇಲೆ ಗ್ರೇಪ್‌ವೈನ್ ಅನ್ನೋ ಇಳಿಜಾರಿನಲ್ಲಿ ಬಯಲಿಗೆ ಧುಮುಕುತ್ತೆ. ನೂರು ಅಡಿ ಹೋದರೆ ಸುಮಾರು ಆರು ಅಡಿ ಇಳಿತ. ಟ್ರೈಲರ್ ಎಳೆಯುವವರಿಗೆ ಈ ರಾಜ್ಯದಲ್ಲಿ ಗಂಟೆಗೆ 55 ಮೈಲಿ ಮಿತಿ. ನಾನು ಅದರೊಳಗೇ ಇದ್ದೆ. ಹಿಂದೆ ಎರಡು ಟನ್ ಟ್ರೈಲರ್. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಲ್ಲಿ ಮಗಳು. ಮುಂದಿನ ಗಾಡಿಗಳ ಕೆಂಪು ದೀಪಗಳು ಒಮ್ಮೆಗೇ ಹೊತ್ತಿಕೊಂಡವು. ಬ್ರೇಕ್ ಒತ್ತಿದೆ. ಕಾರು ನಿಧಾನವಾಯ್ತು, ಟ್ರೈಲರ್ ಆಗಲಿಲ್ಲ. ಹಿಂದಿನಿಂದ ಯಾರೋ ಕೈಯಿಟ್ಟು ದಬ್ಬಿದ ಹಾಗೆ ನೂಕಿತು. ನಿಂತಾಗ ಮುಂದಿನ ಲಾರಿಗೂ ನಮಗೂ ನಡುವೆ ಒಂದು ಎತ್ತಿನಗಾಡಿ ಹಿಡಿಸುವಷ್ಟು ಜಾಗ ಉಳಿದಿತ್ತು.

ತಪ್ಪು ಎಲ್ಲಿತ್ತು? ಟ್ರೈಲರ್ ಚಕ್ರದ ಡ್ರಮ್ಮಿನೊಳಗೆ ಒಂದು ವಿದ್ಯುತ್ ಅಯಸ್ಕಾಂತ ಇರುತ್ತೆ. ಕರೆಂಟ್ ಹರಿದಾಗ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಳ್ಳಲು ಹೋಗಿ, ಒಂದು ತೋಳನ್ನು ಎಳೆದು, ಬ್ರೇಕ್ ಶೂಗಳನ್ನು ಅಗಲಿಸುತ್ತೆ. ಎಷ್ಟು ಕರೆಂಟ್ ಕಳಿಸಬೇಕು ಅಂತ ತೀರ್ಮಾನಿಸೋದೇ ಡ್ಯಾಶ್‌ಬೋರ್ಡ್ ಕೆಳಗಿನ ಕಂಟ್ರೋಲರ್. ನಾನು ಹಾಕಿಸಿದ್ದು ಟೈಮ್ ಡಿಲೇ ಜಾತಿಯದು. ನೀವು ಬ್ರೇಕನ್ನು ಮೆಲ್ಲಗೆ ಮುಟ್ಟಿದಿರೋ, ಜೀವ ಉಳಿಸಿಕೊಳ್ಳಲು ತುಳಿದಿರೋ ಅದಕ್ಕೆ ಗೊತ್ತಾಗಲ್ಲ. ಮೊದಲೇ ಇಟ್ಟ ಮಟ್ಟಕ್ಕೆ ತನ್ನದೇ ಗತಿಯಲ್ಲಿ ಏರುತ್ತೆ, ಅಷ್ಟೇ. ಊರೊಳಗಿನ ಸಿಗ್ನಲ್‌ಗಳಲ್ಲಿ ಜಗ್ಗುತ್ತೆ ಅಂತ ನಾನೇ ಆ ಮಟ್ಟವನ್ನು ಇಳಿಸಿಟ್ಟಿದ್ದೆ. ಸಿಗ್ನಲ್‌ಗೆ ಸರಿಹೋದ ಆ ಮಟ್ಟ ಬೆಟ್ಟ ಇಳಿಯುವಾಗ ಸಾಲಲಿಲ್ಲ.

ಪ್ರೊಪೋರ್ಷನಲ್ ಕಂಟ್ರೋಲರ್ ಬೇರೆ ಥರ. ಗಾಡಿಯ ವೇಗ ಎಷ್ಟು ಜೋರಾಗಿ ಇಳಿಯುತ್ತಿದೆ ಅಂತ ಅದರೊಳಗಿನ ಸೆನ್ಸರ್ ಅಳೆದು, ಅಷ್ಟಕ್ಕೆ ತಕ್ಕ ಕರೆಂಟನ್ನೇ ಕಳಿಸುತ್ತೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ. ಬೆಲೆ ಜಾಸ್ತಿ, ನಿಜ. ಆದರೆ ಆ ವ್ಯತ್ಯಾಸ ನಾವು ಒಂದು ವೀಕೆಂಡಿಗೆ ಸುರಿಯುವ ಪೆಟ್ರೋಲಿನಷ್ಟೇ. ಸಾವಿರಾರು ಡಾಲರ್ ಟ್ರೈಲರ್ ಕೊಂಡು ಇಲ್ಲಿ ಚೌಕಾಸಿ ಮಾಡೋದು ಜಾಣತನ ಅಲ್ಲ ಸ್ವಾಮಿ.

"ನನ್ನ ಕಾರಿನ ಬ್ರೇಕೇ ಸಾಕು" ಅನ್ನೋರಿದ್ದಾರೆ. ವೇಗ ಎರಡರಷ್ಟಾದರೆ ತಡೆಯಬೇಕಾದ ಶಕ್ತಿ ನಾಲ್ಕರಷ್ಟು ಅಂತ ಪಿಯುಸಿಯಲ್ಲಿ ಬರೆದು ಮಾರ್ಕ್ಸ್ ತಗೊಂಡೋರು ನಾವು. ಇಲ್ಲಿನ ಹಲವು ರಾಜ್ಯಗಳಲ್ಲಿ 3,000 ಪೌಂಡ್ ಮೀರಿದ ಟ್ರೈಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ. ಅದಕ್ಕಿಂತ ಹಗುರದ್ದನ್ನೂ ಬಿಡದ ರಾಜ್ಯಗಳಿವೆ. ಕಾರಿನ ಮ್ಯಾನುಯಲ್ ತೆಗೆದು ನೋಡಿ, ಇಂತಿಷ್ಟು ತೂಕದ ಮೇಲೆ ಟ್ರೈಲರ್ ಬ್ರೇಕ್ ಬೇಕೇ ಬೇಕು ಅಂತ ಬರೆದಿರುತ್ತೆ. ಎಳೆಯುವ ಮಿತಿಯ ಸಾಲನ್ನು ಮಾತ್ರ ಓದಿ ಪುಟ ಮಗುಚಿದ್ದು ನಾವು.

ಇನ್ನು ಕೆಲವರಿಗೆ ಫೋನ್ ಆ್ಯಪ್‌ನಿಂದ ನಡೆಯುವ ಕಂಟ್ರೋಲರ್ರೇ ಬೇಕು. ಆ್ಯಪ್ ಬರೆದೇ ಅನ್ನ ತಿನ್ನೋನು ನಾನು, ಅದಕ್ಕೇ ಹೇಳ್ತೀನಿ: ಟ್ರೈಲರ್ ಬಾಲ ಆಡಿಸತೊಡಗಿದಾಗ ಟ್ರೈಲರ್ ಬ್ರೇಕೊಂದನ್ನೇ ಹಾಕಿ ಅದನ್ನು ಹಿಂದಕ್ಕೆಳೆದು ನೇರ ಮಾಡಬೇಕು. ಆಗ ಕೈಗೆ ಸಿಗಬೇಕಾದ್ದು ನಿಜವಾದ ಒಂದು ಲಿವರ್. ಸ್ಕ್ರೀನ್ ಮೇಲೆ ಬಟನ್ ಹುಡುಕುವ ಹೊತ್ತಲ್ಲ ಅದು.

ಹಾಗಂತ ಒಳ್ಳೇದು ತಂದು ಸಿಕ್ಕಿಸಿದರೆ ಮುಗೀತು ಅಂತಲೂ ಅಲ್ಲ. ನಾಲ್ಕು ಪಿನ್ನಿನ ಕನೆಕ್ಟರ್ ದೀಪಕ್ಕಷ್ಟೇ. ಈ ಬ್ರೇಕಿಗೆ ಏಳು ಪಿನ್ನಿಂದು ಬೇಕು. ಸೆನ್ಸರ್ ಇರುವ ಎಷ್ಟೋ ಕಂಟ್ರೋಲರ್‌ಗಳನ್ನು ಗಾಡಿ ಸಾಗುವ ದಿಕ್ಕಿಗೆ ನೇರವಾಗಿ ಕೂರಿಸಬೇಕು. ಸಾಮಾನು ತುಂಬಿದ ಮೇಲೆ ಖಾಲಿ, ಸಮತಟ್ಟಾದ ಒಣ ರಸ್ತೆಯಲ್ಲಿ ಗಂಟೆಗೆ 25 ಮೈಲಿ ವೇಗದಲ್ಲಿ ಲಿವರ್ ಒತ್ತಿ ನೋಡಿ, ಚಕ್ರ ಲಾಕ್ ಆಗುವುದಕ್ಕೆ ತುಸು ಮೊದಲಿನ ಮಟ್ಟಕ್ಕೆ ಹೊಂದಿಸಬೇಕು. ಭಾರ ಬದಲಾದರೆ ಮತ್ತೆ ಹೊಂದಿಸಬೇಕು. ಕೊಂಡಿ ಕಳಚಿಹೋದರೆ ತಾನಾಗಿ ಬ್ರೇಕ್ ಹಾಕುವ ಬ್ರೇಕ್‌ಅವೇ ಸ್ವಿಚ್ ಇರುತ್ತೆ. ಟ್ರೈಲರ್ ಬ್ಯಾಟರಿ ಸತ್ತಿದ್ದರೆ ಅದೂ ಸತ್ತ ಹಾಗೇ.

ನಮ್ಮೂರಲ್ಲಿ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರ್‌ಗಳ ಹಿಂದೆ ನಾನು ನೋಡಿದ ಟ್ರೈಲರ್‌ಗಳಿಗೆ ಸ್ವಂತ ಬ್ರೇಕ್ ಇರಲಿಲ್ಲ. ಇಳಿಜಾರಿನಲ್ಲಿ ಡ್ರೈವರ್ ಜೀವ ಕೈಯಲ್ಲಿ ಹಿಡಿದೇ ಕೂತಿರುತ್ತಿದ್ದ. ಅವನಿಗೆ ಆಯ್ಕೆ ಇರಲಿಲ್ಲ. ನಮಗೆ ಆಯ್ಕೆ ಇದೆ, ಕೊಳ್ಳೋಕೆ ದುಡ್ಡಿದೆ, ಇಂಜಿನಿಯರ್ ಅನ್ನೋ ಹೆಸರೂ ಇದೆ. ಆಮೇಲೂ "ಅದ್ಯಾವುದೋ ಒಂದು ಗುರು" ಅಂದ್ರೆ, ಆ ಟ್ರೈಲರ್ ಮುಂದೆ ಹೋಗುವ ಕಾರಿನಲ್ಲೂ ಯಾರದೋ ಮಗಳು ಕೂತಿರ್ತಾಳೆ ಅನ್ನೋದನ್ನ ಒಮ್ಮೆ ನೆನೆಸಿಕೊಳ್ಳಿ.