ದಿಂಬಂ ತಿರುವು ಬೇಡ, ಬಯಲು ರಸ್ತೆ ಸಾಕು

ತಾಳವಾಡಿ ಎಂದಕೂಡಲೇ ಸೈಕಲ್ ಹುಚ್ಚಿನವರ ಕಣ್ಣು ಹೋಗುವುದು ದಿಂಬಂ ಘಾಟಿಯ ಕಡೆಗೆ. ಕೆಳಗೆ ಬಣ್ಣಾರಿ ಅಮ್ಮನ ಗುಡಿ, ಮೇಲೆ ದಿಂಬಂ, ನಡುವೆ 27 ಹೇರ್‌ಪಿನ್ ತಿರುವು. ಕೊಯಮತ್ತೂರಿನವರು, ಬೆಂಗಳೂರಿನವರು ಬಂದು ಏದುಸಿರು ಬಿಡುತ್ತಾ ಹತ್ತುತ್ತಾರೆ, ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಇಂಥ ಏರು ಮನೆಬಾಗಿಲಲ್ಲೇ ಇರುವಾಗ ತಾಳವಾಡಿ ಸೀಮೆಯ ಕಾಲೇಜು ಹುಡುಗರು ರೇಸ್ ಗೆಲ್ಲಬೇಡವೇ ಎಂದು ಕೇಳುವವರಿದ್ದಾರೆ. ಏರು ಇದ್ದಲ್ಲಿ ಸೈಕಲ್ ಪಟುಗಳು ಹುಟ್ಟುವುದಾಗಿದ್ದರೆ ಕರ್ನಾಟಕದ ಸೈಕ್ಲಿಂಗ್ ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಹುಟ್ಟಬೇಕಿತ್ತು. ಅದು ಹುಟ್ಟಿದ್ದು ವಿಜಯಪುರ, ಬಾಗಲಕೋಟೆಯಲ್ಲಿ. ಕಣ್ಣು ಹಾಯಿಸಿದಷ್ಟು ದೂರ ಎರೆಹೊಲ, ತಲೆಯ ಮೇಲೆ ಕೆಂಡದಂಥ ಬಿಸಿಲು. ಬಹುಪಾಲು ಬಯಲೇ ಆದ ನೆಲ.

ಅಲ್ಲಿ ಇದ್ದದ್ದು ಬೇರೆ. ಕ್ರೀಡಾ ಇಲಾಖೆಯ ಸೈಕ್ಲಿಂಗ್ ಹಾಸ್ಟೆಲ್ ಇತ್ತು. ಪಕ್ಕದ ಬೆಳಗಾವಿ ಜಿಲ್ಲೆಯ ಚಂದರಗಿಯಲ್ಲಿ ಕ್ರೀಡಾ ಶಾಲೆ ಇತ್ತು. ಹೊಲದ ಕೆಲಸದ ಮನೆಗಳಿಂದ ಬಂದ ಹುಡುಗ ಹುಡುಗಿಯರಿಗೆ ಬೆಳಗಿನ ಜಾವ ಎಬ್ಬಿಸುವ ಕೋಚ್ ಇದ್ದರು. ಮುಂದೆ ತುಳಿಯುವ ಅಣ್ಣನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹೋಗುವುದನ್ನು ತಮ್ಮ ಕಲಿಯುತ್ತಿದ್ದ. ಚೆನ್ನಾಗಿ ತುಳಿದರೆ ರೈಲ್ವೆಯಲ್ಲೋ ಸೇನೆಯಲ್ಲೋ ನೌಕರಿ ಸಿಗುತ್ತದೆ ಎಂಬುದು ಕಣ್ಣೆದುರಿಗೇ ಇತ್ತು. ವಿಜಯಪುರದ ವೆಲೊಡ್ರೋಮ್ (ಸೈಕಲ್ ರೇಸಿನ ಟ್ರ್ಯಾಕ್) ಕಾಮಗಾರಿ ವರ್ಷಗಟ್ಟಲೆ ಕುಂಟುತ್ತಾ ಸಾಗಿದರೂ ಆ ಜಿಲ್ಲೆಗಳ ಪದಕಗಳು ನಿಲ್ಲಲಿಲ್ಲ. ಕಟ್ಟಡಕ್ಕಿಂತ ಕೂಟ ದೊಡ್ಡದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಾಳವಾಡಿಯ ಸಂಗತಿ ಸ್ವಲ್ಪ ತೊಡಕಿನದು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಗಡಿಯಾಚೆ, ಇಂದಿನ ತಮಿಳುನಾಡಿನಲ್ಲೇ ಉಳಿಯಿತು. ಮನೆಮಾತು ಕನ್ನಡ, ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇಲ್ಲೇ ಇದೆ. ಆದರೆ ಜಿಲ್ಲಾ ಕೇಂದ್ರ ಈರೋಡು ಕಾಡು ದಾಟಿ, ಘಾಟಿ ಇಳಿದು, 100 ಕಿಲೋಮೀಟರಿಗೂ ಆಚೆ. ಚಾಮರಾಜನಗರವೋ 25ರ ಆಸುಪಾಸು. ಹೀಗಾಗಿ ಒಂದೇ ಬೀದಿಯ ಇಬ್ಬರು ಗೆಳೆಯರಲ್ಲಿ ಒಬ್ಬ ತಾಳವಾಡಿಯ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜಿಗೆ ಸೇರಿದರೆ ಇನ್ನೊಬ್ಬ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗುತ್ತಾನೆ. ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಅವರು ಎರಡು ರಾಜ್ಯಗಳ ಎರಡು ಜೆರ್ಸಿ ತೊಟ್ಟು ಎದುರಾಳಿಗಳಾಗಿ ನಿಲ್ಲಬೇಕು. ನಿಲ್ಲಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿಯತನಕ ಒಟ್ಟಿಗೆ ತುಳಿಯುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ.

ನಮ್ಮ ಕಾಲೇಜುಗಳಲ್ಲಿ ಸೈಕ್ಲಿಂಗ್ ತಂಡ ಕಟ್ಟುವ ಬಗೆ ಎಲ್ಲರಿಗೂ ಗೊತ್ತು. ವಿಶ್ವವಿದ್ಯಾಲಯದಿಂದ ಸುತ್ತೋಲೆ ಬರುತ್ತದೆ, ಆಯ್ಕೆಗೆ ಎರಡು ವಾರ ಉಳಿದಿರುತ್ತದೆ. ಪಿ.ಡಿ. ಸರ್ ತರಗತಿಗೆ ಬಂದು ‘ಯಾರಿಗ್ರೋ ಸೈಕಲ್ ಬರುತ್ತೆ?’ ಎಂದು ಕೇಳುತ್ತಾರೆ. ಮೂರು ಕೈ ಮೇಲೇಳುತ್ತವೆ, ಅದರಲ್ಲಿ ಒಂದು ತರಗತಿ ತಪ್ಪಿಸಿಕೊಳ್ಳುವ ಕೈ. ಖೊಖೊ, ಕಬಡ್ಡಿಯಲ್ಲಿ ಈ ಆಟ ಒಂದಷ್ಟು ದೂರ ನಡೆದೀತು, ಹುಡುಗರು ಮಣ್ಣಲ್ಲಿ ಹುಟ್ಟಿ ಬೆಳೆದವರು. ರೇಸಿಂಗ್ ಸೈಕಲ್ಲಿನಲ್ಲಿ ನಡೆಯುವುದಿಲ್ಲ. ಕೂಟದಲ್ಲಿ ಅವರ ಪಕ್ಕದಲ್ಲಿ ನಿಲ್ಲುವವರು ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯದವರು, ಪಟಿಯಾಲದವರು. ವರ್ಷಪೂರ್ತಿ ಸೈಕಲ್ಲಿನ ಮೇಲೆಯೇ ಇದ್ದವರು ಅವರು.

ಕೂಟ ಸಾಮಾನ್ಯವಾಗಿ ಬರುವುದು ಚಳಿಗಾಲಕ್ಕೆ. ಹಾಗಾದರೆ ಸೀಸನ್ ಶುರುವಾಗಬೇಕಾದದ್ದು ಆಷಾಢದಲ್ಲಿ. ಈ ಸೀಮೆ ಮಳೆನೆರಳಿನದು. ಜೂನ್ ಜುಲೈನಲ್ಲಿ ಮಲೆನಾಡು ಮುಳುಗಿರುವಾಗ ತಾಳವಾಡಿಯಲ್ಲಿ ಬೀಸುವುದು ಹೆಚ್ಚಾಗಿ ಗಾಳಿ, ಮಳೆ ಅಲ್ಲ. ರೈತರು ಬೈದುಕೊಳ್ಳುವ ಈ ಗಾಳಿ ಸೈಕಲ್ ತಂಡಕ್ಕೆ ಪುಕ್ಕಟೆ ಕೋಚ್. ಮುಂದಿನವನ ಹಿಂದೆ ಸರಿಯಾಗಿ ಅಡಗಿ ತುಳಿದರೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಅಡ್ಡಗಾಳಿ ಇದ್ದಾಗ ನೇರ ಹಿಂದೆ ನಿಲ್ಲದೆ ಓರೆಯಾಗಿ ಸಾಲುಗಟ್ಟಬೇಕು. ಮುಂದಿನವನು ಎಷ್ಟು ಹೊತ್ತು ಎಳೆಯಬೇಕು, ಯಾವ ಬದಿಗೆ ಸರಿಯಬೇಕು, ಹಿಂದಿನವನು ವೇಗ ಹೆಚ್ಚಿಸದೆ ಹೇಗೆ ಮುಂದೆ ಬರಬೇಕು ಎಂಬುದನ್ನೆಲ್ಲ ಪುಸ್ತಕ ಕಲಿಸುವುದಿಲ್ಲ. ನಾಲ್ವರು ಒಟ್ಟಿಗೆ ತಿಂಗಳುಗಟ್ಟಲೆ ತುಳಿದಾಗ ಮಾತ್ರ ಬರುವ ವಿದ್ಯೆ ಅದು. ಗಡಿಯಾರದ ವಿರುದ್ಧ ತುಳಿಯುವ ತಂಡದ ಟೈಮ್ ಟ್ರಯಲ್ ಗೆಲ್ಲುವುದು ಈ ವಿದ್ಯೆಯಿಂದಲೇ.

ಮೊದಲ ಎರಡು ಮೂರು ತಿಂಗಳು ಮಾತನಾಡುತ್ತಾ ತುಳಿಯಬಹುದಾದ ವೇಗ ಸಾಕು. ಹುಡುಗರಿಗೆ ಇದನ್ನು ಒಪ್ಪಿಸುವುದೇ ಕಷ್ಟ. ದಿನವೂ ಪಂದ್ಯ ಹಚ್ಚಿಕೊಂಡು ತುಳಿದರೆ ಎರಡೇ ವಾರದಲ್ಲಿ ಮಂಡಿ ಹಿಡಿದುಕೊಂಡು ಕೂರುತ್ತಾರೆ. ಎಷ್ಟೋ ಮಂಡಿನೋವಿಗೆ ಕಾರಣ ಸೀಟಿನ ಎತ್ತರ. ನಮ್ಮಲ್ಲಿ ಎರಡೂ ಕಾಲು ನೆಲಕ್ಕೆ ಊರುವಂತೆ ಸೀಟು ಇಳಿಸಿಕೊಳ್ಳುವ ರೂಢಿ. ಪೆಡಲು ಕೆಳಗೆ ಬಂದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಸ್ಪ್ಯಾನರ್ ಇದ್ದರೆ ಐದು ನಿಮಿಷದ ಕೆಲಸ. ಬೆಳೆ ಕೊಯ್ದು, ದೀಪಾವಳಿಯ ಬೆನ್ನಿಗೆ ಬರುವ ಗುಮಟಾಪುರದ ಗೊರೆಹಬ್ಬಕ್ಕೆ ಊರು ಸಗಣಿಯಲ್ಲಿ ಆಡುವ ಹೊತ್ತಿಗೆ ಈ ಬುನಾದಿ ಮುಗಿದಿರಬೇಕು. ಆಮೇಲೆ ವಾರಕ್ಕೆ ಎರಡು ದಿನ ಉಸಿರು ಕಟ್ಟುವಂತೆ ತುಳಿತ, ನಡುವೆ ನಿಧಾನದ ದಿನ, ಕೂಟದ ಹಿಂದಿನ ವಾರ ಅರ್ಧಕ್ಕರ್ಧ ಕಡಿಮೆ. ಹಿಂದಿನ ದಿನ 80 ಕಿಲೋಮೀಟರ್ ತುಳಿದು ‘ವಾರ್ಮಪ್ ಆಯ್ತು’ ಎನ್ನುವ ವೀರರು ಎಲ್ಲ ಕಾಲೇಜಿನಲ್ಲೂ ಇರುತ್ತಾರೆ. ಅವರನ್ನು ಹಗ್ಗ ಹಾಕಿ ಕಟ್ಟಬೇಕು. ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ರಾಗಿ, ಬಾಳೆಹಣ್ಣು, ಬೆಲ್ಲ ಇಲ್ಲೇ ಸಿಗುತ್ತವೆ. ಹಸಿವಾಗುವ ಮುಂಚೆ ತಿನ್ನುವುದನ್ನು ಕಲಿತರಾಯಿತು.

ಇನ್ನು ರಸ್ತೆ. ದಿಂಬಂ ಬೇಡ ಎಂದೆನಲ್ಲ, ಹಟಕ್ಕೆ ಹೇಳಿದ ಮಾತಲ್ಲ. ಆ ಘಾಟಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ. ತಡೆಗೋಡೆಯ ಮೇಲೆ ಚಿರತೆ ಕೂತದ್ದನ್ನು ಬಸ್ಸಿನವರೇ ಎಷ್ಟೋ ಸಲ ಕಂಡಿದ್ದಾರೆ. ಹಾಸನೂರು ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಕಬ್ಬಿನ ಲಾರಿ ಅಡ್ಡಗಟ್ಟಿ ತೆರಿಗೆ ವಸೂಲಿ ಮಾಡುವ ಆನೆಗಳು ತಮಿಳುನಾಡಿಗೆಲ್ಲ ಗೊತ್ತು. 2023ರ ಏಪ್ರಿಲ್‌ನಲ್ಲಿ ಸೆರೆಯಾಗುವ ತನಕ ಕರುಪ್ಪನ್ ಎಂಬ ಒಂಟಿ ಸಲಗ ತಾಳವಾಡಿಯ ತೋಟಗಳಲ್ಲಿ ಮಾಡಿದ್ದನ್ನು ಇಲ್ಲಿಯ ರೈತರು ಮರೆತಿಲ್ಲ. ಪ್ರಾಣಿಗಳಿಗಾಗಿಯೇ ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರವರಿಯಿಂದ ಈ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಕಾಡು ನಿದ್ದೆ ಮಾಡಲಿ ಎಂದು ಲಾರಿ ನಿಲ್ಲಿಸಿದ ಮೇಲೆ ಕಾಲೇಜು ತಂಡ ಅಲ್ಲಿ ಸೀಟಿ ಊದಿಕೊಂಡು ತಾಲೀಮು ನಡೆಸುವುದು ಸರಿಯಲ್ಲ. ಇಳಿಯುವಾಗಿನ ಅಪಾಯ ಬೇರೆ. ತಿರುವಿನಲ್ಲಿ ಉದ್ದನೆಯ ಲಾರಿ ಇಡೀ ರಸ್ತೆಯನ್ನು ನುಂಗಿ ತಿರುಗುತ್ತದೆ, ಸೈಕಲ್ಲಿನವನಿಗೆ ಉಳಿಯುವುದು ಮೋರಿ.

ವಿದ್ಯಾರ್ಥಿ ಕೂಟಗಳ ರಸ್ತೆ ರೇಸುಗಳು ಬಹುಪಾಲು ನಡೆಯುವುದು ಸಪಾಟು ಹೆದ್ದಾರಿಯಲ್ಲಿ, ಅದಕ್ಕೆ ಬೇಕಾದದ್ದು ಬಯಲು ರಸ್ತೆಯ ಒಂದೇ ಸಮನಾದ ತುಳಿತ. ಅದಕ್ಕೆ ತಾಳವಾಡಿಯಿಂದ ಚಾಮರಾಜನಗರದ ಕಡೆಗಿನ ರಸ್ತೆ ಇದೆ, ಕೋಸು, ಆಲೂಗಡ್ಡೆ, ಅರಿಸಿನದ ಹೊಲಗಳ ನಡುವೆ. ಅಲ್ಲಲ್ಲಿ ಸಣ್ಣ ಏರಿಳಿತ, ಅಷ್ಟು ಸಾಕು. ಇಲ್ಲೂ ಬೆಳಕು ಹರಿಯುವ ಮುಂಚೆ ಹೊರಡಬಾರದು, ಕಾಡಂಚಿನ ಊರುಗಳಲ್ಲಿ ಆನೆ ಹೊಲದಿಂದ ಮರಳುವ ಹೊತ್ತದು. ಆರೂವರೆಗೆ ಹೊರಟು ಎಂಟೂವರೆಗೆ ಮುಗಿಸಿದರೆ ಕಾಲೇಜಿನ ಗಂಟೆಯೂ ತಪ್ಪುವುದಿಲ್ಲ. ಹೆಲ್ಮೆಟ್ ಇಲ್ಲದವನನ್ನು ಮನೆಗೆ ಕಳಿಸಬೇಕು. ತಂಡದ ಹಿಂದೆ ಒಂದು ಬೈಕಾದರೂ ಇರಬೇಕು, ಅದರಲ್ಲಿ ಪಂಪು, ಎರಡು ಟ್ಯೂಬು, ಪ್ರಥಮ ಚಿಕಿತ್ಸೆಯ ಡಬ್ಬಿ.

ಸೈಕಲ್ ಎಲ್ಲಿಂದ ತರುವುದು? ತಮಿಳುನಾಡು ಸರ್ಕಾರ 2001ರಲ್ಲಿ ಶುರುಮಾಡಿದ ಯೋಜನೆಯಿಂದ ಹನ್ನೊಂದನೇ ತರಗತಿಯ ಮಕ್ಕಳಿಗೆ ಸೈಕಲ್ ಬರುತ್ತದೆ. ಕರ್ನಾಟಕ 2006ರಲ್ಲಿ ಎಂಟನೇ ತರಗತಿಯವರಿಗೆ ಕೊಡಲು ಶುರುಮಾಡಿ, ಕೊರೊನಾ ಕಾಲದಲ್ಲಿ ನಿಲ್ಲಿಸಿತು. ಗಡಿಯ ಈಚೆಯ ಮಗುವಿಗೆ ಇಲ್ಲದ ಸೈಕಲ್ ಆಚೆಯ ಮಗುವಿಗೆ ಇದೆ ಎಂದಾಯಿತು. ಕಾಲೇಜು ಸೇರುವ ಹೊತ್ತಿಗೆ ಅದು ಅಪ್ಪನ ಹಾಲಿನ ಕ್ಯಾನ್ ಹೊರುತ್ತಿರುತ್ತದೆ, ಇರಲಿ. ಕಾಲೇಜಿನಲ್ಲಿ ಸೈಕಲ್ ಕ್ಲಬ್ ಕಟ್ಟಿದ ಮೊದಲ ಎರಡು ತಿಂಗಳಿಗೆ, ಯಾರು ಬೆಳಗ್ಗೆ ತಪ್ಪದೆ ಬರುತ್ತಾರೆ ಎಂದು ನೋಡಲಿಕ್ಕೆ, ಆ ಗೇರಿಲ್ಲದ ಸೈಕಲ್ಲೇ ಸಾಕು. ಲಕ್ಷ ರೂಪಾಯಿಯ ರೇಸಿಂಗ್ ಸೈಕಲ್ ಕೊಂಡು ಕ್ರೀಡಾ ಕೊಠಡಿಯಲ್ಲಿ ಬೀಗ ಹಾಕಿಡುವುದಕ್ಕಿಂತ, ಉಳಿದು ಬಂದವರಿಗಾಗಿ ಹಳೆಯ ರೋಡ್ ಬೈಕ್ ನಾಲ್ಕನ್ನು ಕೊಂಡು ಸರದಿಯಲ್ಲಿ ಕೊಡುವುದು ಜಾಣತನ.

ಹೊಸಬರನ್ನು ಉಳಿಸಿಕೊಳ್ಳುವ ವಿಚಾರದಲ್ಲಿ ಅಮೆರಿಕದ ಕಾಲೇಜು ರೇಸುಗಳಿಂದ ಒಂದನ್ನು ಕಲಿಯಬಹುದು. ಅಲ್ಲಿ ಸವಾರರನ್ನು ಶಕ್ತಿಗನುಗುಣವಾಗಿ ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತಾರೆ, ಕೊನೆಯ ಗುಂಪಿನ ಹೊಸಬನ ಅಂಕವೂ ಕಾಲೇಜಿನ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಕ್ಲಬ್ಬಿನ ಹಳಬರೇ ಹೊಸಬರನ್ನು ಹುಡುಕಿ ತರುತ್ತಾರೆ. ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆದ ಬೆಂಗಳೂರಿನ ನವೀನ್ ಜಾನ್ ರೇಸಿಗೆ ಇಳಿದದ್ದು ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವಾಗ. ತಾಳವಾಡಿ, ಸತ್ಯಮಂಗಲ, ಚಾಮರಾಜನಗರದ ಕಾಲೇಜುಗಳು ತಮ್ಮೊಳಗೇ ತಿಂಗಳಿಗೊಂದು ಭಾನುವಾರ ಹೀಗೆ ರೇಸ್ ಇಟ್ಟುಕೊಂಡರೆ, ಹುಡುಗಿಯರಿಗೂ ಅದೇ ದಿನ, ಅದೇ ರಸ್ತೆಯಲ್ಲಿ, ಅದೇ ದೂರದ ರೇಸ್ ಇಟ್ಟರೆ, ಸುತ್ತೋಲೆ ಬರುವ ಹೊತ್ತಿಗೆ ಕೈ ಎತ್ತಿಸುವ ಕೆಲಸವೇ ಇರುವುದಿಲ್ಲ.

ಬೆಂಗಳೂರು, ಕೊಯಮತ್ತೂರಿನ ಸವಾರರಲ್ಲಿ ಒಂದು ವಿನಂತಿ. ಮುಂದಿನ ಸಲ ದಿಂಬಂ ಹತ್ತಿ ಬಂದಾಗ ಅಲ್ಲಿಂದಲೇ ತಿರುಗಬೇಡಿ. ಇನ್ನೊಂದಿಷ್ಟು ದೂರ ತುಳಿದು ತಾಳವಾಡಿಗೆ ಬನ್ನಿ. ಅಟ್ಟದ ಮೇಲಿನ ನಿಮ್ಮ ಹಳೆಯ ರೋಡ್ ಬೈಕನ್ನು ಅಲ್ಲಿಯ ಕಾಲೇಜಿಗೆ ಕೊಡಿ, ಒಂದು ಬೆಳಗ್ಗೆ ಹುಡುಗರ ಜೊತೆ ತುಳಿಯಿರಿ, ಸೀಟಿನ ಎತ್ತರ ಸರಿಮಾಡಿ ಹೋಗಿ.